ಬಾಲಮಂದಿರ ಬಿಡುವ ಮುನ್ನ ಬಾಡಿಗೆ ರೂಮಿಗಿಂತ ಮೊದಲು ಕೇಳಬೇಕಾದದ್ದು

ನಾಲ್ಕು ತಿಂಗಳಲ್ಲಿ 18 ತುಂಬುತ್ತದೆ, ಬೆಂಗಳೂರಿನಲ್ಲಿ ಒಬ್ಬಳೇ ಇರಲು ರೂಮು ಹಿಡಿಯಬೇಕು, ಅಡ್ವಾನ್ಸಿಗೆ ಸಾಲ ಮಾಡಬಹುದೇ, ಬಾಲಮಂದಿರದಲ್ಲಿ ಬೆಳೆದವಳೆಂದು ಮನೆ ಮಾಲೀಕರಿಗೆ ತಿಳಿಯದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. 2017ರಲ್ಲಿ ಇವೇ ಪ್ರಶ್ನೆಗಳನ್ನು ಹೊತ್ತು ನಾನೂ ಒಂದು ಬಾಲಕಿಯರ ಬಾಲಮಂದಿರದಿಂದ ಹೊರಬಂದೆ. ಕೈಯಲ್ಲಿ ಒಂದು ಬ್ಯಾಗು, ಪಿಯುಸಿ ಅಂಕಪಟ್ಟಿ ಮತ್ತು ಬಾಲಮಂದಿರದ ವಿಳಾಸವಿದ್ದ ಆಧಾರ್ ಕಾರ್ಡು ಇದ್ದವು.

ನಾನು ಮಾಡಿದ ತಪ್ಪು ಅದಕ್ಕೂ ಎರಡು ತಿಂಗಳ ಹಿಂದಿನದು. ಸಂಸ್ಥೆ ಬಿಡುವ ಎರಡು ತಿಂಗಳ ಮೊದಲೇ ನಮ್ಮ ಮುಂದಿನ ಬದುಕಿನ ಬಗ್ಗೆ ಒಂದು ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಿಸಬೇಕೆಂಬ ನಿಯಮವಿದೆ. ಅದಕ್ಕಾಗಿ ಪರಿವೀಕ್ಷಣಾಧಿಕಾರಿಯವರು ನನ್ನನ್ನು ಕರೆಸಿ, "ಇಲ್ಲಿಂದ ಎಲ್ಲಿಗೆ ಹೋಗ್ತೀಯಮ್ಮ?" ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ "ಸೋದರಮಾವನ ಮನೆಗೆ" ಎಂದೆ. ಆ ಮಾವ ಏಳು ವರ್ಷಗಳಲ್ಲಿ ನನ್ನನ್ನು ನೋಡಲು ಬಂದದ್ದು ಎರಡೇ ಬಾರಿ. ಆದರೂ ಹಾಗೆ ಹೇಳಿದ್ದಕ್ಕೆ ಕಾರಣಗಳಿದ್ದವು. ಪಕ್ಕದಲ್ಲಿ ನನ್ನ ಜೊತೆಯ ಇಬ್ಬರು ಹುಡುಗಿಯರು ಸರದಿಗಾಗಿ ಕಾಯುತ್ತಿದ್ದರು. ಹೋಗಲು ಮನೆಯಿದೆ ಎನ್ನುವವಳಿಗೆ ನಮ್ಮ ನಡುವೆ ಇದ್ದ ಬೆಲೆಯೇ ಬೇರೆ. ಅದಕ್ಕಿಂತ ಹೆಚ್ಚಾಗಿ, ಅಧಿಕಾರಿ ಹೇಳುತ್ತಿದ್ದ ಅನುಪಾಲನೆ (18 ತುಂಬಿ ಸಂಸ್ಥೆ ಬಿಟ್ಟವರಿಗೆ ಸಿಗುವ ನೆರವು) ಎಂದರೆ ಮತ್ತೊಂದು ಬಾಲಮಂದಿರ, ಮತ್ತೆ ಬೆಳಗಿನ ಗಂಟೆ, ಮತ್ತೆ ತಟ್ಟೆ ಹಿಡಿದು ಸಾಲು ಎಂದು ನಾನೇ ನಿರ್ಧರಿಸಿಬಿಟ್ಟಿದ್ದೆ. ಅದು ಏನೆಂದು ಕೇಳಲಿಲ್ಲ. ಅವರು ಬರೆದದ್ದನ್ನು ಓದದೆ ಸಹಿ ಹಾಕಿದೆ. ಅಂದಿನಿಂದ ನನ್ನ ಕಡತದಲ್ಲಿ ಉಳಿದ ಮಾತು "ಕುಟುಂಬಕ್ಕೆ ಸೇರ್ಪಡೆ".

ಮಾವನ ಮನೆಯಲ್ಲಿ ಹತ್ತೊಂಬತ್ತು ದಿನ ಇದ್ದೆ. ಒಂದೇ ಕೋಣೆಯ ಆ ಮನೆಯಲ್ಲಿ ಆಗಲೇ ಐದು ಜನರಿದ್ದರು. ಅತ್ತೆಯ ಮೇಲೆ ನನಗೆ ಇಂದಿಗೂ ದೂರಿಲ್ಲ. ಅಲ್ಲಿಂದ ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದೆ. ಕೈಗೆ ತಿಂಗಳಿಗೆ 7,500 ರೂಪಾಯಿ ಬರುತ್ತಿತ್ತು. ನಾನು ನೋಡಿದ ಮೊದಲ ರೂಮಿಗೆ ಬಾಡಿಗೆ 4,500, ಅಡ್ವಾನ್ಸು ಹತ್ತು ತಿಂಗಳಿನದು, ಅಂದರೆ 45,000. ಊಟವನ್ನೂ ಬಿಟ್ಟು ನನ್ನ ಆರು ತಿಂಗಳ ಪೂರ್ತಿ ಸಂಬಳ ಕೂಡಿಟ್ಟರೆ ಮಾತ್ರ ಅಷ್ಟು ಹಣವಾಗುತ್ತಿತ್ತು. ಹಣದ ಮಾತಿಗೆ ಮೊದಲೇ ಬೇರೆ ಪ್ರಶ್ನೆಗಳು ಬರುತ್ತಿದ್ದವು: ಯಾವ ಊರು, ಯಾವ ಜನ, ತಂದೆ ಏನು ಮಾಡುತ್ತಾರೆ, ಕರಾರಿಗೆ ದೊಡ್ಡವರು ಯಾರು ಬರುತ್ತಾರೆ. ಅಪ್ಪ ಅಮ್ಮ ಊರಲ್ಲಿದ್ದಾರೆ ಎಂದು ಒಂದು ಕಡೆ ಸುಳ್ಳು ಹೇಳಿದೆ; ಅವರಿಗೆ ಒಮ್ಮೆ ಫೋನು ಮಾಡಿಸು ಎಂದಾಗ ಮೆಟ್ಟಿಲಿಳಿದು ಬಂದೆ.

ಆರು ತಿಂಗಳ ನಂತರ ನಮ್ಮ ಜಿಲ್ಲೆಯ ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿ ಏನಾದರೂ ಸಹಾಯ ಸಿಗುವುದೇ ಎಂದು ವಿಚಾರಿಸಿದೆ. ಅಲ್ಲಿದ್ದವರು ಕಡತ ತಿರುವಿ, "ನೀನು ಮನೆಗೆ ಹೋಗಿದ್ದೀಯಲ್ಲ" ಎಂದರು. ಆ ಒಂದು ಮಾತಿಗೆ ನಾನು ಹಿಂದಿರುಗಿದೆ. ಬಾಲನ್ಯಾಯ ಕಾಯ್ದೆ, 2015ರ 46ನೇ ಪ್ರಕರಣ ನಮ್ಮಂಥವರಿಗಾಗಿಯೇ ಇದೆ ಎಂಬುದು, 2016ರ ಮಾದರಿ ನಿಯಮಗಳ ಪ್ರಕಾರ ಸಮಿತಿಯ ಆದೇಶದ ಮೇರೆಗೆ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಮತ್ತೆರಡು ವರ್ಷ ಅನುಪಾಲನೆ ಸಿಗಬಹುದು ಎಂಬುದು, ಅದರಲ್ಲಿ ಆರರಿಂದ ಎಂಟು ಯುವಜನರು ಒಟ್ಟಿಗೆ ತಾತ್ಕಾಲಿಕವಾಗಿ ವಾಸಿಸುವ ವ್ಯವಸ್ಥೆ, ತರಬೇತಿ ಕಾಲದ ಭತ್ಯೆ ಇವೆಲ್ಲ ಸೇರಿವೆ ಎಂಬುದು ನನಗೆ ತಿಳಿದಾಗ 24 ದಾಟಿತ್ತು. ಅಂದು ಕಚೇರಿಯ ಮೇಜಿನಿಂದ ಎದ್ದು ಬರುವ ಬದಲು ಸಮಿತಿಗೆ ಒಂದು ಅರ್ಜಿ ಬರೆದಿದ್ದರೆ ಸಾಕಿತ್ತು. ಅರ್ಜಿ ಬರೆಯದಿರಲು ಕಾರಣವೂ ಆ ಹಳೆಯ ಸುಳ್ಳೇ: ಮಾವನ ಮನೆಯ ಕಥೆ ನಾನೇ ಕಟ್ಟಿದ್ದೆಂದು ಒಪ್ಪಿಕೊಳ್ಳಬೇಕಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಡ್ವಾನ್ಸಿಗೆ ಸಾಲ ಮಾಡಬೇಡಿ. ಮೊದಲ ಸಂಬಳವನ್ನೇ ಕಾಣದವರು ಹತ್ತು ತಿಂಗಳ ಬಾಡಿಗೆಯಷ್ಟು ಸಾಲ ಹೊತ್ತರೆ, ಒಂದು ತಿಂಗಳು ಕೆಲಸ ತಪ್ಪಿದರೂ ರೂಮೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಒಬ್ಬಳೇ ಇರಬೇಕೆಂಬ ಆಸೆಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿ. ಹತ್ತಾರು ಜನರ ನಡುವೆ ಮಲಗಿ ಬೆಳೆದ ನಮಗೆ ಒಂಟಿ ಕೋಣೆ ಸ್ವರ್ಗದಂತೆ ಕಾಣುತ್ತದೆ, ನಿಜ; ಜ್ವರ ಬಂದ ರಾತ್ರಿ ನೀರು ಕೊಡಲು ಯಾರೂ ಇಲ್ಲದಾಗ ಅದು ಬೇರೆಯೇ ಆಗಿ ಕಾಣುತ್ತದೆ. ನಾನು ಕೊನೆಗೆ ನೆಲೆ ನಿಂತದ್ದು ಕಾರ್ಖಾನೆಯ ಇಬ್ಬರು ಗೆಳತಿಯರ ಜೊತೆ. ಹಾಗೆ ಇರುವುದಾದರೆ ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಎಲ್ಲರ ಹೆಸರೂ, ಯಾರು ಎಷ್ಟು ಅಡ್ವಾನ್ಸು ಕೊಟ್ಟರೆಂಬುದೂ ಇರಲಿ. ಆಧಾರ್‌ನಲ್ಲಿ ವಿಳಾಸ ಬದಲಿಸಲು ಅದೇ ಕರಾರು ಉಪಯೋಗಕ್ಕೆ ಬರಬಹುದು.

ಇನ್ನು ಹಿನ್ನೆಲೆ ಮುಚ್ಚಿಡುವ ವಿಚಾರ. ಗೆಳತಿಯರ ಜೊತೆ ಸೇರಿದ ಆ ಮನೆಯ ಒಡತಿ, ವಯಸ್ಸಾದ ಹೆಂಗಸು, ನನ್ನ ಆಧಾರ್ ನೋಡಿ ಇದು ಯಾವ ವಿಳಾಸ ಎಂದು ಕೇಳಿದಾಗ ಸುಳ್ಳು ಹೇಳಿ ದಣಿದಿದ್ದ ನಾನು ಇದ್ದದ್ದನ್ನು ಇದ್ದಹಾಗೆ ಹೇಳಿ, ಸಂಬಳದ ಚೀಟಿಯನ್ನು ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಡಿಗೆ ಯಾವ ತಾರೀಖಿಗೆ ಕೊಡ್ತೀಯಮ್ಮ?" ಎಂದರು. ಎಲ್ಲರೂ ಹೀಗಿರುವುದಿಲ್ಲ, ನಿಜ ಹೇಳಿದ್ದಕ್ಕೆ ಬಾಗಿಲು ಹಾಕುವವರೂ ಇದ್ದಾರೆ. ಅಂಥ ಮನೆ ತಪ್ಪಿದರೆ ತಪ್ಪಲಿ. ಸುಳ್ಳು ಹೇಳಿ ಸೇರಿದ ಮನೆಯಲ್ಲಿ ದಿನವೂ ಹೆದರಿಕೊಂಡು ಬಾಳಬೇಕಾಗುತ್ತದೆ.

ನಿಮಗಿನ್ನೂ ನಾಲ್ಕು ತಿಂಗಳಿವೆ, ನಿಮ್ಮ ಯೋಜನೆ ಇನ್ನೂ ಸಮಿತಿಗೆ ಹೋಗಿರಲಾರದು. ನಾಳೆಯೇ ನಿಮ್ಮ ಅಧೀಕ್ಷಕರನ್ನು ಕಂಡು ಅನುಪಾಲನೆ ಬೇಕೆಂದು ಬರವಣಿಗೆಯಲ್ಲಿ ಕೊಡಿ, ಅದರ ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿಯ ನೆರವಿದೆ. ಬೆಂಗಳೂರಿನಲ್ಲಿ ಅದೊಂದರಿಂದ ಬದುಕು ಸಾಗದು, ಆದರೆ ಮೂವರು ಹಂಚಿಕೊಂಡ ಮನೆಯಲ್ಲಿ ನಿಮ್ಮ ಪಾಲಿನ ಬಾಡಿಗೆಗೆ ದೊಡ್ಡ ಆಸರೆ. ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಜನನ ಪ್ರಮಾಣಪತ್ರ, ಸಂಸ್ಥೆಯಲ್ಲಿ ಇದ್ದುದಕ್ಕೆ ಪತ್ರ, ಇವುಗಳನ್ನು ಈಗಲೇ ಕೇಳಿ ಪಡೆದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದಾಗ, ಪಕ್ಕದಲ್ಲಿ ಯಾರೇ ಕೂತಿರಲಿ, ಹೋಗಲು ನನಗೆ ಮನೆಯಿಲ್ಲ ಎಂದು ಹೇಳಿ. ಅವರು ಹಾಗೆಯೇ ಬರೆದಿದ್ದಾರೆಯೇ ಎಂದು ಓದಿ ನೋಡಿದ ಮೇಲೆ ಸಹಿ ಹಾಕಿ.