ಶಾಸಕರ ಆಸ್ತಿ ಲೆಕ್ಕ ನೋಡುವುದು ಹೇಗೆ?

ಪ್ರಶ್ನೆ: ಗೆದ್ದ ಮೇಲೂ ಶಾಸಕರು ಆಸ್ತಿ ವಿವರ ಕೊಡಬೇಕೇ? ನಾವು ಅದನ್ನು ನೋಡಬಹುದೇ? – ಓದುಗರೊಬ್ಬರು, ಶಿರಸಿ

ಉತ್ತರ: ಕೊಡಲೇಬೇಕು. ಲೋಕಾಯುಕ್ತ ಕಾಯ್ದೆ 1984ರ 22ನೇ ಕಲಮಿನಂತೆ ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ಪಟ್ಟಿ ಲೋಕಾಯುಕ್ತರಿಗೆ ಸಲ್ಲಬೇಕು. ತಪ್ಪಿದರೆ ಸಕ್ಷಮ ಪ್ರಾಧಿಕಾರಕ್ಕೆ (ಕಾಯ್ದೆ ಗೊತ್ತುಪಡಿಸಿದ ಮೇಲಿನ ಅಧಿಕಾರಸ್ಥರಿಗೆ) ವರದಿ ಹೋಗುತ್ತದೆ. ಮತ್ತೆ ಎರಡು ತಿಂಗಳಲ್ಲೂ ಕೊಡದಿದ್ದರೆ ಮೂರು ಪತ್ರಿಕೆಗಳಲ್ಲಿ ಹೆಸರು ಪ್ರಕಟ. ಶಿಕ್ಷೆ ಇಷ್ಟಕ್ಕೇ ನಿಲ್ಲುವುದು ಸಾಲದು ಎಂಬುದೇ ನಮ್ಮ ಅಭಿಪ್ರಾಯ.

ನಿಮಗೆ ಸುಲಭವಾಗಿ ಸಿಗುವುದು ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರ. ಚುನಾವಣಾ ಆಯೋಗದ ಜಾಲತಾಣದಲ್ಲಿ ವರ್ಷ, ರಾಜ್ಯ, ಕ್ಷೇತ್ರ ಆರಿಸಿ ಇಳಿಸಿಕೊಳ್ಳಿ. ಐದು ವರ್ಷದ ಆದಾಯ, ಸಂಗಾತಿ ಮತ್ತು ಅವಲಂಬಿತರ ಹೆಸರಿನ ಠೇವಣಿ, ವಾಹನ, ಚಿನ್ನದ ತೂಕ, ಸಾಲ, ಸರ್ಕಾರಿ ಬಾಕಿ ಎಲ್ಲವೂ ಅದರಲ್ಲಿವೆ. ಅಡಿಕೆ ತೋಟವಾದರೆ ಸರ್ವೆ ನಂಬರು, ವಿಸ್ತೀರ್ಣ ಬರೆದಿರುತ್ತಾರೆ. ಆ ನಂಬರು ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು, ಎಕರೆ-ಗುಂಟೆ ಮತ್ತು ಖಾತೆದಾರರ ಹೆಸರು ತಾಳೆ ನೋಡಿ. ಜಂಟಿ ಖಾತೆಯಿದ್ದರೆ ಅವಸರಪಡಬೇಡಿ: ಪಹಣಿಯಲ್ಲಿ ಪೂರ್ತಿ ವಿಸ್ತೀರ್ಣ, ಪ್ರಮಾಣಪತ್ರದಲ್ಲಿ ಅವರ ಪಾಲು ಮಾತ್ರ ಇರಬಹುದು. ಹಿಂದಿನ ಚುನಾವಣೆಯ ಪ್ರಮಾಣಪತ್ರದೊಂದಿಗೆ ಹೋಲಿಸುವಾಗ ಬೆಲೆಯ ಏರಿಕೆಯೊಂದೇ ತಪ್ಪಲ್ಲ, ಮಾರುಕಟ್ಟೆ ದರವೂ ಏರುತ್ತದೆ. ಹೊಸ ಸರ್ವೆ ನಂಬರು ಸೇರಿದೆಯೇ, ಅದಕ್ಕೆ ತಕ್ಕ ಆದಾಯ ತೋರಿಸಿದ್ದಾರೆಯೇ ಎಂಬುದೇ ಮುಖ್ಯ.

ಪ್ರಮಾಣಪತ್ರದಲ್ಲಿ ಬೇಕೆಂದೇ ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆ 125ಎ ಪ್ರಕಾರ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ.