ಕಾರಿನ ಆಂಪ್ಲಿಫೈಯರ್: ಟ್ರಾನ್ಸ್‌ಫಾರ್ಮರ್ ನಿಜವಾಗಿಯೂ ಸುಟ್ಟಿದೆಯೇ?

ಪ್ರಶ್ನೆ: ನನ್ನ ಕಾರಿನ ನಾಲ್ಕು ಚಾನೆಲ್‌ಗಳ ಹಳೆಯ ಆಂಪ್ಲಿಫೈಯರ್ ಈ ಮಳೆಗಾಲದಲ್ಲಿ ಕೆಟ್ಟುಹೋಯಿತು. ಹೊಸ ಫ್ಯೂಸ್ ಹಾಕಿದೊಡನೆ ಅದೂ ಹಾರುತ್ತದೆ. ರಿಪೇರಿಯವರು ಎರಡು ಸಲ ಮಾಸ್‌ಫೆಟ್‌ಗಳನ್ನು (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳನ್ನು) ಬದಲಿಸಿದರು, ಎರಡು ಸಲವೂ ಅವು ಸುಟ್ಟವು. ಬಳೆಯಾಕಾರದ ಟ್ರಾನ್ಸ್‌ಫಾರ್ಮರೇ ಹೋಗಿದೆ, ಅದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಈಗ ಹೇಳುತ್ತಿದ್ದಾರೆ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವರಿಂದ ಅದನ್ನು ಸುತ್ತಿಸಬಹುದೇ? ನನಗೆ ಬೆಸುಗೆಯ ಕೆಲಸ ಗೊತ್ತಿದೆ.
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಸುತ್ತಬಹುದು, ಅದನ್ನು ನೀವೇ ಮಾಡಬಹುದು. ಆದರೆ ದೋಷ ಟ್ರಾನ್ಸ್‌ಫಾರ್ಮರಿನದೇ ಎಂಬುದು ಇನ್ನೂ ಸಿದ್ಧವಾಗಿಲ್ಲ. ಮಾಸ್‌ಫೆಟ್‌ಗಳು ಮತ್ತೆ ಮತ್ತೆ ಸುಡುತ್ತಿವೆ ಎಂದರೆ ಮುಂದೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಅವುಗಳನ್ನು ನಡೆಸುವ ಭಾಗದಲ್ಲಿ ದೋಷವಿದೆ ಎಂದಷ್ಟೇ ಅರ್ಥ. ಶಾರ್ಟ್ ಇದ್ದರೆ ಅದು ಬಹುಮಟ್ಟಿಗೆ ಪರ್ಯಾಯ ವಿದ್ಯುತ್ತನ್ನು ನೇರವಾಗಿಸುವ ರೆಕ್ಟಿಫೈಯರ್ ಡಯೋಡ್‌ಗಳಲ್ಲಿಯೋ ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿಯೋ ಇರುತ್ತದೆ. ಅದನ್ನು ನೋಡದೆ ಮಾಸ್‌ಫೆಟ್ ಮಾತ್ರ ಬದಲಿಸುವುದು ದುಡ್ಡು ದಂಡ.

ಬ್ಯಾಟರಿಯ 12 ವೋಲ್ಟ್ ನೇರ ವಿದ್ಯುತ್ತನ್ನು ಮಾಸ್‌ಫೆಟ್‌ಗಳ ಎರಡು ಗುಂಪುಗಳು ಸರದಿಯಂತೆ, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ (ಬ್ಯಾಟರಿ ಬದಿಯ, ಎರಡು ಅರ್ಧಗಳಿರುವ ಸುರುಳಿಗೆ) ಕೊಡುತ್ತವೆ. ಹೆಚ್ಚಿನ ಆಂಪ್ಲಿಫೈಯರ್‌ಗಳಲ್ಲಿ ಈ ಸರದಿಯನ್ನು ನಡೆಸುವುದು ಟಿಎಲ್ 494 ಎಂಬ ಐಸಿ. ಸೆಕೆಂಡರಿಯಲ್ಲಿ (ಆಚೆ ಬದಿಯ ಸುರುಳಿಯಲ್ಲಿ) ಹೆಚ್ಚಿದ ವೋಲ್ಟೇಜನ್ನು ಡಯೋಡ್‌ಗಳು ಧನ ಮತ್ತು ಋಣ ಎಂಬ ಎರಡು ಸರಬರಾಜುಗಳನ್ನಾಗಿ ಮಾಡುತ್ತವೆ.

ಪ್ರೈಮರಿಯಲ್ಲಿರುವುದು ದಪ್ಪ ತಂತಿಯ ಕೆಲವೇ ಸುತ್ತುಗಳಾದ್ದರಿಂದ, ಟ್ರಾನ್ಸ್‌ಫಾರ್ಮರ್ ಒಳ್ಳೆಯದಿದ್ದರೂ ಕೆಟ್ಟಿದ್ದರೂ ಮಲ್ಟಿಮೀಟರ್ ಸೊನ್ನೆ ಓಮ್ ಅನ್ನೇ ತೋರಿಸುತ್ತದೆ. ಅದನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಬೋರ್ಡಿನಿಂದ ಮಾಸ್‌ಫೆಟ್‌ಗಳನ್ನೂ ರೆಕ್ಟಿಫೈಯರ್‌ಗಳನ್ನೂ ತೆಗೆದು, ಧನದ ತಂತಿಯ ಜೊತೆ ಸರಣಿಯಲ್ಲಿ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಸೇರಿಸಿ, ಆಂಪ್ಲಿಫೈಯರನ್ನು ಚಾಲೂ ಮಾಡುವ ರಿಮೋಟ್ ತಂತಿಗೆ 12 ವೋಲ್ಟ್ ಕೊಡಿ. ಎರಡೂ ಗುಂಪುಗಳ ಗೇಟ್ (ಮಾಸ್‌ಫೆಟ್ಟಿನ ನಿಯಂತ್ರಣ ಕಾಲು) ಜಾಗಗಳಲ್ಲಿ ಡಿ.ಸಿ. ವೋಲ್ಟೇಜ್ ಸರಿಸುಮಾರು ಒಂದೇ ಆಗಿರಬೇಕು. ಒಂದು ಬದಿಯಲ್ಲಿ ಇಲ್ಲದಿದ್ದರೆ ದೋಷ ಡ್ರೈವರ್ ಟ್ರಾನ್ಸಿಸ್ಟರಿನಲ್ಲಿಯೋ ಗೇಟ್ ರೆಸಿಸ್ಟರಿನಲ್ಲಿಯೋ ಇದೆ. ಅದು ಸರಿಯಾಗಿದ್ದರೆ ಹೊಸ ಮಾಸ್‌ಫೆಟ್‌ಗಳನ್ನು ಹೀಟ್ ಸಿಂಕಿಗೆ ಬಿಗಿದು ಹಾಕಿ, ರೆಕ್ಟಿಫೈಯರ್ ಇಲ್ಲದೆಯೇ ಮತ್ತೆ ಚಾಲೂ ಮಾಡಿ. ಬಲ್ಬು ಮಂಕಾಗಿದ್ದರೆ ಟ್ರಾನ್ಸ್‌ಫಾರ್ಮರ್ ನಿರ್ದೋಷಿ, ಶಾರ್ಟ್ ಇರುವುದು ಅದರಾಚೆಗೆ. ಈ ಸ್ಥಿತಿಯಲ್ಲಿಯೂ ಬಲ್ಬು ಪ್ರಖರವಾಗಿ ಉರಿದರೆ ಮಾತ್ರ ಸುತ್ತುಗಳ ನಡುವೆ ಶಾರ್ಟ್ ಆಗಿದೆ ಎನ್ನಬಹುದು. ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ತಂತಿಯ ತುದಿಗಳು ಹಸಿರು ಕಿಲುಬು ಹಿಡಿಯುವುದೂ, ಹೊಂಡದ ರಸ್ತೆಯ ಕುಲುಕಾಟಕ್ಕೆ ಎನಾಮೆಲ್ ಸವೆಯುವುದೂ ಅಪರೂಪವಲ್ಲ.

ಬಿಚ್ಚುವಾಗ ಅವಸರ ಬೇಡ. ಪ್ರೈಮರಿ, ಸೆಕೆಂಡರಿಗಳ ಸುತ್ತುಗಳನ್ನು, ಎಳೆಗಳನ್ನು, ಯಾವ ತುದಿ ಬೋರ್ಡಿನ ಯಾವ ರಂಧ್ರಕ್ಕೆ ಹೋಗಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಪ್ರೈಮರಿಯ ಪ್ರತಿ ಅರ್ಧದಲ್ಲಿ 5 ಸುತ್ತುಗಳಿದ್ದರೆ ಸುತ್ತೊಂದಕ್ಕೆ 2.4 ವೋಲ್ಟ್ ಆಯಿತು; ಸೆಕೆಂಡರಿಯ ಅರ್ಧದಲ್ಲಿ 12 ಸುತ್ತುಗಳಿದ್ದರೆ ಸುಮಾರು 29 ವೋಲ್ಟ್ ಬರುತ್ತದೆ. ಎಣಿಕೆ ತಪ್ಪಿದರೆ ಕೆಪಾಸಿಟರ್‌ಗಳ ಮಿತಿಯನ್ನೂ ಮೀರಬಹುದು.

ತಂತಿಯನ್ನು ನೀವು ಹೇಳುವ ರಿವೈಂಡಿಂಗ್‌ನವರಲ್ಲೇ ಕೊಳ್ಳಿ, ಆದರೆ ಸುತ್ತುವ ಕೆಲಸವನ್ನು ಅವರಿಗೆ ಬಿಡಬೇಡಿ. ಅವರ ಕೈ ಪಳಗಿರುವುದು 50 ಹರ್ಟ್ಸ್‌ನ ಮೋಟಾರುಗಳಿಗೆ. 30 ಕಿಲೋಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದ ಮೇಲ್ಮೈಯಿಂದ ಸುಮಾರು 0.4 ಮಿಲಿಮೀಟರ್ ಆಳದವರೆಗೆ ಮಾತ್ರ ಚೆನ್ನಾಗಿ ಹರಿಯುವುದರಿಂದ, ಒಂದೇ ದಪ್ಪ ತಂತಿಯ ಬದಲು 24 ಗೇಜಿನ ಹಲವು ಎಳೆಗಳನ್ನು, ಮೊದಲಿದ್ದಷ್ಟೇ ತಾಮ್ರವಾಗುವಂತೆ ಸೇರಿಸಿ ಸುತ್ತಬೇಕು. ಪ್ರೈಮರಿಯ ಎರಡೂ ಅರ್ಧಗಳನ್ನು ಜೊತೆಯಾಗಿ, ಬಳೆಯ ಸುತ್ತಲೂ ಸಮನಾಗಿ ಹರಡಿ. ಒಂದು ಅರ್ಧದ ಕೊನೆಯೂ ಇನ್ನೊಂದರ ಆರಂಭವೂ ಕೂಡುವ ಜಾಗವೇ ಬ್ಯಾಟರಿಯ ಧನ. ಎರಡರ ಆರಂಭಗಳನ್ನೇ ಕೂಡಿಸಿದರೆ ಕೋರ್ (ತಂತಿ ಸುತ್ತಿದ ಬಳೆ) ಒಂದೇ ದಿಕ್ಕಿಗೆ ಕಾಂತೀಕರಣಗೊಂಡು, ಮಾಸ್‌ಫೆಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ.

ಹಳೆಯ ಫೆರೈಟ್ ಬಳೆ ಬಿರುಕು ಬಿಟ್ಟಿದ್ದರೆ ಅದೇ ಅಳತೆಯ ಫೆರೈಟ್ ಬಳೆಯನ್ನೇ, ಸಾಧ್ಯವಾದರೆ ಅಂಥದೇ ಕೆಟ್ಟ ಆಂಪ್ಲಿಫೈಯರಿನಿಂದ, ಹುಡುಕಬೇಕು. ಹಳೆಯ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ (ವಿದ್ಯುತ್ ಸರಬರಾಜಿನ ಪೆಟ್ಟಿಗೆಯಲ್ಲಿ) ಸಿಗುವ ಹಳದಿ–ಬಿಳಿ ಬಳೆ ಫಿಲ್ಟರ್ ಚೋಕಿನದು, ಇಲ್ಲಿ ನಡೆಯದು. ಸುತ್ತಿದ ಮೇಲೆ ಇನ್ಸುಲೇಷನ್ ವಾರ್ನಿಷ್ ಹಚ್ಚಿ ಒಣಗಿಸಿ. ಬೋರ್ಡಿಗೆ ಅಂಟಿಸಲು ಹುಳಿವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಡಯೋಡ್‌ಗಳನ್ನು ಮರಳಿ ಹಾಕಿ, ಸ್ಪೀಕರ್ ಜೋಡಿಸದೆ, ಬಲ್ಬಿನ ಮೂಲಕವೇ ಮೊದಲ ಚಾಲನೆ ಕೊಡಿ. ಕೆಪಾಸಿಟರ್‌ಗಳು ತುಂಬುವಾಗ ಬಲ್ಬು ಒಮ್ಮೆ ಬೆಳಗಿ ಮಂಕಾಗಬೇಕು. ಧನ, ಋಣ ವೋಲ್ಟೇಜ್‌ಗಳು ಸಮವಾಗಿದ್ದರೆ ಬಲ್ಬನ್ನು ತೆಗೆದು 5 ಆಂಪಿಯರ್ ಫ್ಯೂಸಿನಲ್ಲಿ ಸ್ವಲ್ಪ ಹೊತ್ತು ನಡೆಸಿ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಆಂಪ್ಲಿಫೈಯರಿನ ಮೇಲೆ ಬರೆದಿರುವ ಅಳತೆಯ ಫ್ಯೂಸ್ ಹಾಕಿ.