ಕೂಗುವ ಮಾನಿಟರ್, ಕೇಳದ ಕಿವಿ

ಉತ್ತರಿಸುವವರು: ಮಡಿಕೇರಿಯಲ್ಲಿರುವ ನಿವೃತ್ತ ಐಸಿಯು ಇನ್‌ಚಾರ್ಜ್ ಸಿಸ್ಟರ್

ಪ್ರಶ್ನೆ: ಗೋಣಿಕೊಪ್ಪದಲ್ಲಿ ಐಸಿಯು ನರ್ಸ್ ಆಗಿದ್ದೇನೆ. ಆರು ಬೆಡ್, ರಾತ್ರಿ ಇಬ್ಬರೇ. ಮಾನಿಟರ್‌ಗಳು ಬೆಳಗಿನವರೆಗೂ ಕೂಗುತ್ತವೆ. ಈಗೀಗ ಕೂಗಿದ್ದೇ ಗೊತ್ತಾಗುವುದಿಲ್ಲ. ಗಮನ ಇಲ್ಲ ಅಂತ ಬೈಸಿಕೊಂಡೆ. ಏನು ಮಾಡಲಿ?

ಈ ಪ್ರಶ್ನೆ ಎಷ್ಟನೇ ಸಲವೋ! ಮೊದಲು ಬೈದವರಿಗೆ ಇದನ್ನು ಓದಿಸಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲೆಕ್ಕ ಹಾಕಿದಾಗ ಒಂದು ಬೆಡ್‌ಗೆ ದಿನಕ್ಕೆ ಸರಾಸರಿ 350 ಅಲಾರಂ ಸಿಕ್ಕಿದ್ದವು. ನೂರರಲ್ಲಿ 85ರಿಂದ 99 ಅಲಾರಂಗೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ ಎಂದು ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ನೋಡುವ ಸಂಸ್ಥೆ ಜಾಯಿಂಟ್ ಕಮಿಷನ್ 2013ರಲ್ಲೇ ಹೇಳಿದೆ. ‘ತೋಳ ಬಂತು ತೋಳ’ ಅಂತ ದಿನಕ್ಕೆ ಮುನ್ನೂರು ಸಲ ಕೂಗಿದರೆ ಯಾರು ತಾನೇ ಓಡಿ ಬರುತ್ತಾರೆ?

ನಾನೂ ಬಂದಿಲ್ಲ. ಕೆಲಸಕ್ಕೆ ಸೇರಿದ ಹೊಸದು, ಜುಲೈ ತಿಂಗಳ ಒಂದು ರಾತ್ರಿ. ನಾಲ್ಕನೇ ಬೆಡ್‌ನ ತಾತನ ಲೀಡ್ (ಎದೆಯಿಂದ ಮಾನಿಟರ್‌ಗೆ ಹೋಗುವ ವೈರ್) ಹತ್ತು ಸಲ ಕಳಚಿತ್ತು. ಹನ್ನೊಂದನೇ ಸಲ ಕೂಗಿದಾಗ ಸ್ಕ್ರೀನ್ ಕೂಡ ನೋಡದೆ ಸೈಲೆನ್ಸ್ ಒತ್ತಿದೆ. ಆ ಸಲ ಲೀಡ್ ಕಳಚಿರಲಿಲ್ಲ. ಪಕ್ಕದ ಬೆಡ್ ಹತ್ತಿರ ಇದ್ದ ಸಿಸ್ಟರ್ ನೋಡಿದ್ದರಿಂದ ತಾತ ಉಳಿದರು. ಅವತ್ತಿನಿಂದ ನನ್ನದು ಒಂದೇ ಹಠ. ಮೊದಲು ಪೇಷಂಟ್ ಮುಖ, ಆಮೇಲೆ ಸ್ಕ್ರೀನ್, ಕೊನೆಗೆ ಬಟನ್.

ಸದ್ದು ಕಡಿಮೆ ಮಾಡಬೇಕು ಅಂದರೆ ಸ್ಪೀಕರ್ ಮೇಲೆ ಮೈಕ್ರೊಪೋರ್ ಟೇಪ್ ಅಂಟಿಸುವುದಲ್ಲ. ಹಾಗೆ ಮಾಡಿದವರನ್ನೂ ನೋಡಿದ್ದೇನೆ. ಕೂಗುವ ಕಾರಣ ಹುಡುಕಿ. ಲೀಡ್ ಸಿಕ್ಕಿಸಲು ಎದೆಗೆ ಅಂಟಿಸುವ ಎಲೆಕ್ಟ್ರೋಡ್ ಒಂದನ್ನು ಕಿತ್ತು ತಿರುಗಿಸಿ ನೋಡಿ. ಮೂರು ದಿನ ಹಳೆಯದಾದರೆ ನಡುವಿನ ಜೆಲ್ ಒಣಗಿ ಹೋಗಿರುತ್ತದೆ. ದಿನಾ ಬದಲಿಸಿ. ಜಾನ್ಸ್ ಹಾಪ್ಕಿನ್ಸ್‌ನ ಎರಡು ವಾರ್ಡ್‌ಗಳಲ್ಲಿ ಇಷ್ಟಕ್ಕೇ ಅಲಾರಂ ಶೇ 46ರಷ್ಟು ಇಳಿಯಿತು. ಅಂಟಿಸುವ ಮೊದಲು ಚರ್ಮವನ್ನು ಸೋಪು ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಬರೀ ಸ್ಪಿರಿಟ್ ಬೇಡ, ಚರ್ಮ ಒಣಗುತ್ತದೆ. ಸ್ಟೋರ್‌ನವರು ಖರ್ಚು ಜಾಸ್ತಿ ಅಂತ ಗೊಣಗುತ್ತಾರೆ. ಗೊಣಗಲಿ.

ಇನ್ನು ಆಕ್ಸಿಜನ್ ಪ್ರೋಬ್, ಅಂದರೆ ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್. ನಮ್ಮ ಮಳೆಗಾಲದ ಚಳಿಗೆ ಬೆರಳು ಮಂಜುಗಡ್ಡೆಯಂತಾದರೆ ಅದಕ್ಕೆ ನಾಡಿ ಸಿಗುವುದಿಲ್ಲ. ಕೈ ಬೆಚ್ಚಗೆ ಮಾಡಿ. ಬಿಪಿ ಕಫ್ ಕಟ್ಟಿದ ಕೈಗೇ ಪ್ರೋಬ್ ಹಾಕಿದ್ದೀರಾ? ಕಫ್ ಉಬ್ಬಿದಾಗ ಆ ಕೈಗೆ ರಕ್ತ ನಿಲ್ಲುತ್ತದೆ, ಮಾನಿಟರ್ ಕೂಗುತ್ತದೆ. ಕಾಲು ಗಂಟೆಗೊಮ್ಮೆ ಬಿಪಿ ನೋಡುವುದಾದರೆ ಗಂಟೆಗೆ ನಾಲ್ಕು ಅಲಾರಂ, ಸುಮ್ನೆ. ಪ್ರೋಬ್ ಇನ್ನೊಂದು ಕೈಗೆ ಹಾಕಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಲಿಮಿಟ್‌ನಲ್ಲಿದೆ, ಅಂದರೆ ಎಷ್ಟು ದಾಟಿದರೆ ಮಾನಿಟರ್ ಕೂಗಬೇಕು ಅನ್ನುವ ಮಿತಿಯಲ್ಲಿ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಪೇಷಂಟ್‌ಗೆ ಆಕ್ಸಿಜನ್ ಶೇ 88ರಿಂದ 92 ಇದ್ದರೆ ಸಾಕು ಎಂದು ಡಾಕ್ಟರು ಬರೆದಿರುತ್ತಾರೆ. ಮಾನಿಟರ್ ಮಾತ್ರ ಕಂಪನಿಯವರು ಇಟ್ಟ 90ರಲ್ಲೇ ಇರುತ್ತದೆ. ಅದು ರಾತ್ರಿಯೆಲ್ಲ ಕೂಗದೆ ಇನ್ನೇನು ಮಾಡೀತು? ಹೃದಯ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆ ನುಂಗುವ ತೋಟದ ಯಜಮಾನರ ಹಾರ್ಟ್ ರೇಟ್ ನಿದ್ದೆಯಲ್ಲಿ 48ಕ್ಕೆ ಇಳಿಯುತ್ತದೆ, ಲಿಮಿಟ್ 50. ರೌಂಡ್ಸ್‌ಗೆ ಬಂದ ಡಾಕ್ಟರನ್ನು ಅಲ್ಲೇ ನಿಲ್ಲಿಸಿ, ಈ ಪೇಷಂಟ್‌ಗೆ ಎಷ್ಟು ಇಡಲಿ ಎಂದು ಕೇಳಿ, ಕೇಸ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ, ನಾಳೆ ಏನಾದರೂ ಆದರೆ ಸಿಕ್ಕಿಬೀಳುವವರು ನೀವು. ಬಾಸ್ಟನ್ ಮೆಡಿಕಲ್ ಸೆಂಟರ್‌ನ ಒಂದು ಹೃದ್ರೋಗ ವಾರ್ಡ್‌ನಲ್ಲಿ ಹೀಗೆ ಲಿಮಿಟ್, ಸೆಟ್ಟಿಂಗ್ ಸರಿ ಮಾಡಿದ್ದಕ್ಕೆ ವಾರಕ್ಕೆ 87,823 ಇದ್ದ ಅಲಾರಂ ಸದ್ದು 9,967ಕ್ಕೆ ಬಂತು. ಹಾಗಂತ ಹಾರ್ಟ್ ರೇಟ್ ಲಿಮಿಟ್ 30ರಿಂದ 200 ಅಂತ ಇಟ್ಟು ಕಾಫಿ ಕುಡಿಯಲು ಹೋಗಬೇಡಿ. ಅದು ಲಿಮಿಟ್ ಅಲ್ಲ, ಅಲಾರಂ ಆಫ್ ಮಾಡಿದ ಹಾಗೆ.

ಆರು ಬೆಡ್‌ಗೆ ಇಬ್ಬರೇ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಅದನ್ನು ಮ್ಯಾನೇಜ್‌ಮೆಂಟ್‌ಗೆ ಬರವಣಿಗೆಯಲ್ಲಿ ಕೊಡಿ.

ಪ್ರಶ್ನೆ: ಅಲಾರಂ ಸುಸ್ತಿಗೆ ಕಿವಿಗೆ ಬಿಸಿ ಎಣ್ಣೆ ಬಿಡಿ, ಮ್ಯಾಗ್ನೆಟ್ ಬಳೆ ಹಾಕಿ ಅನ್ನುತ್ತಾರೆ. ನಿಜವಾ? (ಸೋಮವಾರಪೇಟೆ)

ಸುಸ್ತಾಗಿರುವುದು ಕಿವಿಯಲ್ಲ, ಮಿದುಳು. ಎಣ್ಣೆ ಬಾಣಲೆಗೆ ಹಾಕಿ. ಐಸಿಯುನಲ್ಲಿ ಬಳೆಯೇ ಹಾಕಬಾರದು, ಸೋಂಕು ಹರಡುತ್ತದೆ. ಮಾರುವವರು ಬಂದು ಒಂದು ನೈಟ್ ಡ್ಯೂಟಿ ಮಾಡಿ ತೋರಿಸಲಿ.

ಪ್ರಶ್ನೆ: ಅಮ್ಮನ ಮಾನಿಟರ್ ಕೂಗಿದಾಗ ನಾವೇ ಬಟನ್ ಒತ್ತಿ ನಿಲ್ಲಿಸಬಹುದಾ? (ವಿರಾಜಪೇಟೆ)

ಮುಟ್ಟಬೇಡಿ. ಸಿಸ್ಟರನ್ನು ಕರೆಯಿರಿ.

ಪ್ರಶ್ನೆ: ನಾನು ಹಾಸನದವಳು, ಮಡಿಕೇರಿಗೆ ಹೊಸಬಳು. ಆಗಸ್ಟ್ 4ರ ಬೆಳಿಗ್ಗೆ ಇಬ್ಬರು ಪೇಷಂಟ್‌ಗಳ ಯೂರಿನ್ ಬ್ಯಾಗ್ ಕೆಂಪಾಗಿತ್ತು. ಗಾಬರಿಯಿಂದ ಫೋನ್ ಮಾಡಿದರೆ ಡಾಕ್ಟರು ನಕ್ಕುಬಿಟ್ಟರು.

ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ತಿನ್ನುವ ದಿನ. ಮನೆಯವರು ಮದ್ದು ಸೊಪ್ಪಿನ ಪಾಯಸ ತಂದುಕೊಟ್ಟಿರುತ್ತಾರೆ, ಆ ಸೊಪ್ಪಿನ ಬಣ್ಣ ಅದು. ಆದರೂ ನೀವು ಫೋನ್ ಮಾಡಿದ್ದೇ ಸರಿ, ನಕ್ಕಿದ್ದು ತಪ್ಪು. ಮುಂದಿನ ವರ್ಷ ಮೊದಲು ಪೇಷಂಟನ್ನೇ ಕೇಳಿ, ನಿನ್ನೆ ಏನು ತಿಂದಿರಿ ಅಂತ. ಎರಡು ದಿನವಾದರೂ ಬಣ್ಣ ಹೋಗದಿದ್ದರೆ ಅದೇ ಡಾಕ್ಟರಿಗೆ ಮತ್ತೆ ಫೋನ್ ಮಾಡಿ.